ಒಡೆದ ಕಾಯಿ ಎಸೆದವರ ಮನೆಗೆ

ಹತ್ತು ವರ್ಷದಿಂದ ನಾನು ಬ್ಯಾಸ್ಕೆಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ನಮ್ಮ ತೆರಕಣಾಂಬಿಯಲ್ಲಿ ಇದನ್ನು ಈಗಲೂ ಪೂರ್ತಿ ನಂಬಿದವರಿಲ್ಲ. "ಚೆಂಡಾಡೋಕೂ ಸಂಬ್ಳ ಕೊಟ್ಟಾರಾ?" ಎಂದು ಕೇಳುತ್ತಾರೆ. ಕೊಡುತ್ತಾರೆ. ಬೆಂಗಳೂರಿನ ಒಂದು ನಿಗಮ ತನ್ನ ಹೆಸರಿನಲ್ಲಿ ಮಹಿಳಾ ತಂಡ ಇಟ್ಟುಕೊಂಡಿದೆ. ಅದರಲ್ಲಿ ಏಳನೇ ನಂಬರಿನ ಭಾನು ನಾನು, ತಂಡಕ್ಕೆ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಹಾಕಿಕೊಟ್ಟವಳು. ಜಂಬ ಅಂದುಕೊಂಡರೆ ಅಂದುಕೊಳ್ಳಿ, ನನಗೆ ಬೇಸರವಿಲ್ಲ. ಒಂದಿಷ್ಟು ಜಂಬ ಇಲ್ಲದವಳು ಹದಿನೈದು ಅಡಿ ದೂರದಿಂದ ಆ ರಿಂಗಿನೊಳಗೆ ಚೆಂಡು ಹಾಕಲಾರಳು.

ಈ ಆಗಸ್ಟಿನಲ್ಲಿ ನಮ್ಮ ಕೋಚ್ ಶಿವರಾಮು ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಇನ್ನು ಮೇಲೆ ಆಟ ಶುರುವಾಗುವಾಗ ನಾನು ಬೆಂಚಿನಲ್ಲಿ ಕೂತಿರಬೇಕಂತೆ. ಮಧ್ಯದಲ್ಲಿ ಇಳಿಸುತ್ತಾರಂತೆ. ಇಳಿದ ಮೇಲೂ ಪಾಯಿಂಟ್ ಹಾಕುವುದು ನನ್ನ ಕೆಲಸ ಅಲ್ಲವಂತೆ, ಚಾಮುಂಡಿಗೆ ಚೆಂಡು ತಲುಪಿಸುವುದು ನನ್ನ ಕೆಲಸವಂತೆ.

"ನಿನಗೆ ಮೂವತ್ತೆರಡಾಯ್ತು ಭಾನು. ಮಂಡಿ ನಿನ್ನ ಮಾತು ಕೇಳ್ತಿಲ್ಲ. ಕಣ್ಣು ಇನ್ನೂ ಕೇಳ್ತಿದೆ, ಅದನ್ನ ಉಪಯೋಗಿಸ್ಕೋ," ಎಂದರು.

ಚಾಮುಂಡಿ ಹನೂರು ಕಡೆಯ ಹುಡುಗಿ, ಇನ್ನೂ ಇಪ್ಪತ್ತು ವರ್ಷ, ತಂಡಕ್ಕೆ ಬಂದು ಆರು ತಿಂಗಳು. ಅವಳು ಹಾರಿದ್ದನ್ನು ಮೊದಲ ಸಲ ನೋಡಿದ ದಿನ ನಾನು ಕುಡಿಯುತ್ತಿದ್ದ ನೀರನ್ನು ಎದೆಯ ಮೇಲೆ ಸುರಿದುಕೊಂಡಿದ್ದೆ. ಹಾರುವುದು ಎಲ್ಲರೂ ಹಾರುತ್ತೇವೆ, ತಕ್ಷಣ ಇಳಿಯುತ್ತೇವೆ. ಈ ಹುಡುಗಿ ಮೇಲೆ ಹೋಗಿ, ಅಲ್ಲಿ ಏನೋ ನೆನಪಾದವಳಂತೆ ಒಂದು ಕ್ಷಣ ನಿಂತು, ಆಮೇಲೆ ಚೆಂಡು ಬಿಡುತ್ತಾಳೆ. ನೋಡಿ ಮೈ ಜುಮ್ಮೆಂದಿತು. ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸರ್ ಹಾಗೆಂದ ದಿನವೇ ಒಂದು ಅರ್ಜಿ ಬರೆದೆ. ನನ್ನನ್ನು ತಂಡದಿಂದ ಬಿಡಿಸಿ ಆಫೀಸಿನ ಕೆಲಸಕ್ಕೆ ಹಾಕಬೇಕು ಅಂತ. ಸರ್ ಓದಿದರು, ಮಡಚಿದರು, ವಾಪಸ್ ಕೊಟ್ಟರು.

"ಮುಂದಿನ ವಾರ ಚಾಮರಾಜನಗರದಲ್ಲಿ ಟೂರ್ನಮೆಂಟು. ಅದು ಮುಗಿದ ಮೇಲೂ ಕೊಡಬೇಕು ಅನ್ನಿಸಿದ್ರೆ ಕೊಡು, ಸಹಿ ಹಾಕ್ತೀನಿ."

ಅರ್ಜಿಯನ್ನು ಬ್ಯಾಗಿನ ತಳಕ್ಕೆ ಹಾಕಿಕೊಂಡೆ. ಎಲ್ಲಿ ಬೇಕಾದರೂ ಬೆಂಚಿನಲ್ಲಿ ಕೂರಬಹುದು, ಚಾಮರಾಜನಗರದಲ್ಲಿ ಕೂರುವುದು ಬೇರೆ. ನನ್ನ ಜಿಲ್ಲೆಯಲ್ಲಿ ನಮ್ಮ ತಂಡ ಆಡುತ್ತಿರುವುದೇ ಮೊದಲ ಸಲ. ನಮ್ಮೂರಿನ ರಾಜಣ್ಣ ಆಗಲೇ ಫೋನ್ ಮಾಡಿ, ಫೈನಲ್ಲಿಗೆ ತನ್ನ ಟೆಂಪೋದಲ್ಲಿ ಊರವರನ್ನು ತುಂಬಿಕೊಂಡು ಬರುತ್ತೇನೆ, ಒಂದು ಮಾರುದ್ದದ ಚೆಂಡುಹೂವಿನ ಹಾರಕ್ಕೂ ಹೇಳಿದ್ದೇನೆ ಎಂದು ತಿಳಿಸಿದ್ದ.

ಗುರುವಾರ ಮೊದಲ ಮ್ಯಾಚು. ಅರ್ಧ ಆಟ ಬೆಂಚು ಕಾಯ್ದು ಆಮೇಲೆ ಇಳಿದೆ. ನಾನು ಕೊಟ್ಟ ಪಾಸುಗಳಲ್ಲಿ ನಾಲ್ಕನ್ನು ಚಾಮುಂಡಿ ಕೈಬಿಟ್ಟಳು. ನಾಲ್ಕೂ ಸಲ ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಅವಳನ್ನು ದುರುಗುಟ್ಟಿ ನೋಡಿದೆ. ಅವಳು ನಾಲ್ಕೂ ಸಲ "ಸಾರಿ ಅಕ್ಕ" ಎಂದಳು. ಐದನೆಯದಕ್ಕೆ ಮುಂಚೆ ಸರ್ ನನ್ನನ್ನು ವಾಪಸ್ ಕರೆದು ಕೂರಿಸಿದರು. ಹೇಗೋ ಗೆದ್ದೆವು.

ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಸರ್ ಯಾರ ಮುಖವನ್ನೂ ನೋಡದೆ, "ಯಾರೋ ಒಬ್ಬರು ಪಾಸ್ ಕೊಡ್ತಿಲ್ಲ. ಚೆಂಡು ಎಸೆದು ಕೈ ತೊಳ್ಕೊಳ್ತಿದಾರೆ," ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೇ ಎದ್ದು ನಿಂತು, "ನಾನು ಸರಿಯಾಗೇ ಕೊಟ್ಟಿದ್ದೀನಿ ಸರ್," ಎಂದೆ. ಹುಡುಗಿಯರು ಕಿಸಕ್ಕೆಂದರು. ಚಾಮುಂಡಿ ಮಾತ್ರ ತಲೆ ಬಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಶುಕ್ರವಾರ ನಮಗೆ ಮ್ಯಾಚ್ ಇರಲಿಲ್ಲ. ಸರ್‌ಗೆ ಹೇಳಿ ಗುಂಡ್ಲುಪೇಟೆ ಬಸ್ಸು ಹತ್ತಿದೆ, ದಾರಿಯಲ್ಲಿ ತೆರಕಣಾಂಬಿಯಲ್ಲಿ ಇಳಿಯಲು. ಅಪ್ಪನಿಗೆ ಫೈನಲ್ಲಿಗೆ ಬರಬೇಡ ಎಂದು ಹೇಳಬೇಕಿತ್ತು. ಊರೆಲ್ಲ ಬಂದು ನನ್ನನ್ನು ಬೆಂಚಿನ ಮೇಲೆ ನೋಡಲಿ, ಸಹಿಸಿಕೊಂಡೇನು. ಅಪ್ಪ ಮಾತ್ರ ಬೇಡ.

ಅದಕ್ಕೊಂದು ಹಳೆಯ ಕಥೆ ಇದೆ. ಹನ್ನೆರಡು ವರ್ಷದ ಹಿಂದೆ ಗುಂಡ್ಲುಪೇಟೆಯ ಕಾಲೇಜು ಮೈದಾನದಲ್ಲಿ ಒಂದು ಮ್ಯಾಚು. ನಾನೊಬ್ಬಳೇ ಮೂವತ್ತನಾಲ್ಕು ಪಾಯಿಂಟ್ ಹಾಕಿದ್ದೆ. ಜನ ಎದ್ದು ನಿಂತು ಕೂಗಿದ್ದರು. ಅಪ್ಪ ಮೊದಲ ಸಲ ನನ್ನ ಆಟ ನೋಡಲು ಬಂದಿದ್ದ. ಮುಗಿದ ಮೇಲೆ ಓಡಿ ಹೋಗಿ ಅವನ ಮುಂದೆ ನಿಂತೆ. ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಅವನು ಕೇಳಿದ್ದು ಇಷ್ಟೇ: "ಆ ಗಿಡ್ಡ ಎಣ್ಮಗು ಯಾರವ್ವ? ಏನ್ ಎಸಿತದೆ ಅಂತೀನಿ."

ಅದು ಮಾನಸ. ನನಗೆ ಪಾಸ್ ಕೊಡುತ್ತಿದ್ದವಳು.

"ಪಾಯಿಂಟ್ ಹಾಕ್ದೋಳು ನಾನು ಅಪ್ಪ," ಎಂದೆ.

"ಊಂ, ನೀನೂ ಇದ್ದೆ ಬುಡು," ಎಂದ.

ನೀನೂ ಇದ್ದೆ. ಅವತ್ತಿನಿಂದ ನಾನು ಅವನನ್ನು ಒಂದು ಆಟಕ್ಕೂ ಕರೆದಿಲ್ಲ. ಅವನೂ ಕೇಳಿಲ್ಲ.

ನನ್ನ ಅಪ್ಪ ಪುಟ್ಟಮಾದು ತೆರಕಣಾಂಬಿ ತರಕಾರಿ ಮಾರುಕಟ್ಟೆಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಾನೆ. ನಾನು ಹೋದಾಗ ಓಣಂ ಹತ್ತಿರವಾಗಿತ್ತು, ಕೇರಳದ ಲಾರಿಗಳು ಸಾಲಾಗಿ ನಿಂತಿದ್ದವು. ಒಂದು ಲಾರಿಯ ಮುಂದೆ ಸಿಹಿಗುಂಬಳದ ಗುಡ್ಡೆ ಆಳೆತ್ತರ ಇತ್ತು. ರಾತ್ರಿ ಬಂಡೀಪುರದ ಗೇಟು ಮುಚ್ಚುವುದರೊಳಗೆ ಕಾಡು ದಾಟಬೇಕಾದ್ದರಿಂದ ಡ್ರೈವರು ಲುಂಗಿ ಎತ್ತಿ ಕಟ್ಟಿಕೊಂಡು "ವೇಗಂ ಚೇಟ್ಟಾ, ವೇಗಂ" ಎಂದು ಅಪ್ಪನನ್ನು ಅವಸರಪಡಿಸುತ್ತಾ ಸುತ್ತುತ್ತಿದ್ದ. ಒಬ್ಬ ಆಳು ಬೇರೆ ಬಂದಿರಲಿಲ್ಲ. ಗುಡ್ಡೆಯಿಂದ ಕಾಯಿ ಎತ್ತಿ ಕೊಡಲು ಒಬ್ಬ, ಅದನ್ನು ಲಾರಿಯ ಮೇಲಕ್ಕೆ ಎಸೆಯಲು ಒಬ್ಬ, ಮೇಲೆ ಹಿಡಿದು ಹುಲ್ಲಿನ ಮೇಲೆ ಜೋಡಿಸಲು ಒಬ್ಬ, ಹೀಗೆ ಮೂವರು ಬೇಕು. ಎತ್ತಿ ಕೊಡುವುದು, ಎಸೆಯುವುದು ಎರಡನ್ನೂ ಅಪ್ಪನೇ ಮಾಡುತ್ತಿದ್ದ. ಮೇಲೆ ಮಾದೇಶಣ್ಣ ಇದ್ದ.

"ಪಕ್ಕಕ್ಕೆ ಸರ್ಕೋ ಅಪ್ಪ, ನೀನು ಎತ್ತಿ ಕೊಡು, ನಾನು ಎಸಿತೀನಿ. ನನ್ ಕೆಲ್ಸಾನೇ ಅದು," ಎಂದೆ.

ಅಪ್ಪ ನನ್ನನ್ನು ಒಂದು ಸಲ ನೋಡಿ, ಸರಿದು ಜಾಗ ಬಿಟ್ಟ.

ಒಂದೊಂದು ಕಾಯಿ ನಾಲ್ಕೈದು ಕೆ.ಜಿ. ಇತ್ತು. ಮೊದಲ ನಾಲ್ಕು ಚೆನ್ನಾಗಿಯೇ ಹೋದವು. ಸುತ್ತ ನಿಂತವರು ನೋಡುತ್ತಿದ್ದರು, ನನಗೆ ಹುರುಪು ಬಂತು. ಐದನೆಯದನ್ನು ಗಟ್ಟಿಯಾಗಿ, ನೇರವಾಗಿ, ನಾನು ಹೆಮ್ಮೆಪಡುವ ಹಾಗೆ ಎಸೆದೆ. ಮಾದೇಶಣ್ಣ ಇನ್ನೂ ಬಗ್ಗಿ ಹಿಂದಿನ ಕಾಯಿ ಕೂರಿಸುತ್ತಿದ್ದ. ಅದು ಅವನ ಮೊಣಕೈಗೆ ಬಡಿದು, ಕೆಳಗೆ ಬಿದ್ದು, ಎರಡು ಹೋಳಾಯಿತು.

"ಕೈ ಕೊಡೋಕಾಗಲ್ವಾ ಮಾದೇಶಣ್ಣ? ಸರಿಯಾಗೇ ಬಂತಲ್ಲ," ಎಂದೆ.

ಪಕ್ಕದ ಲಾರಿಯ ಮುದುಕನೊಬ್ಬ, "ಎಂಗ್ಸು ಕುಂಬ್ಳಕಾಯಿ ಒಡ್ದ್‌ಬುಟ್ಲಲ್ಲಪ್ಪ," ಎಂದು ಅಪಶಕುನ ಕಂಡವನಂತೆ ಗೊಣಗಿದ. ಅಪ್ಪ ಬಗ್ಗಿ ಹೋಳುಗಳನ್ನು ಎತ್ತಿ, ಬೀಜ ಚೆಲ್ಲದ ಹಾಗೆ ಸೇರಿಸಿ, ನನ್ನ ಕಡೆ ಚಾಚಿದ.

"ಇದ ತಕ್ಕಂಡೋಗು. ಒಡ್ದ್ ಕಾಯಿ ಎಸ್ದೋರ್ ಮನೆಗೆ. ಇಲ್ಲಿ ಕಾನೂನೇ ಅಂಗೆ."

"ಹಿಡೀದೆ ಇದ್ದೋನು ಅವ್ನು. ನಂದೆಂಗೆ ತಪ್ಪು?"

"ಮೇಲಿರೋನು ನಮ್ಮನ್ನ ನಂಬ್ಕಂಡು ಬೆನ್ ತಿರುಗ್ಸಿರ್ತಾನೆ ಕಣವ್ವ. ಅವನ್ದೆಂಗೆ ತಪ್ಪಾದದು?" ಅಪ್ಪನ ದನಿಯಲ್ಲಿ ಸಿಟ್ಟು ಇರಲಿಲ್ಲ. "ಕೈ ನೋಡ್ಬೇಡ, ಕೈ ಕೊನೇಗ್ ಬತ್ತದೆ. ಎಗಲು ನೋಡು. ಎಗಲು ತಿರುಗಿದ್ ತಕ್ಸಣ ಬುಡು, ಕಾಯಿ ಓಗೋ ಒತ್ಗೆ ಕೈ ಅಲ್ಲಿರ್ತದೆ."

ನಾನು ಕಾಯಿ ಮುಟ್ಟದೆ ಹೋಗಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ನನಗೆ ಎಲ್ಲಿ ಹೋದರೂ ಬೆಂಚೇ ಗತಿ ಅನ್ನಿಸಿತು. ಅಪ್ಪ ಹೋಳುಗಳನ್ನು ಪಕ್ಕದಲ್ಲಿ ತನ್ನ ಟವೆಲಿನ ಮೇಲೆ ಸೇರಿಸಿಟ್ಟು, ಟೀ ಅಂಗಡಿಯವನ ಮಗನನ್ನು ಎತ್ತಿ ಕೊಡಲು ನಿಲ್ಲಿಸಿಕೊಂಡು, ತಾನು ಎಸೆಯಲು ನಿಂತ.

ನಾಲ್ಕು ವರ್ಷದ ಹಿಂದಿನವರೆಗೆ ಲಾರಿಯ ಮೇಲೆ ನಿಲ್ಲುತ್ತಿದ್ದವನು ಅಪ್ಪನೇ. ಬೆನ್ನು ಹಿಡಿದುಕೊಂಡು ಹತ್ತಲಾರದಾದಾಗ ಅವನನ್ನು ಕೆಳಗೆ ನಿಲ್ಲಿಸಿದರು. ಆಗ ಫೋನಿನಲ್ಲಿ ನಾನು ಪಾಪ ಅಂದಿದ್ದೆ. ಅವನು ಎಸೆಯುವುದನ್ನು ಕೂತು ನೋಡಿದ್ದು ಇದೇ ಮೊದಲು.

ಮಾದೇಶಣ್ಣ ಬೆನ್ನು ತಿರುಗಿಸಿಕೊಂಡೇ ಇದ್ದ. ಬಗ್ಗಿ ಒಂದು ಕಾಯಿ ಕೂರಿಸುವನು, ಏಳುವನು, ತಿರುಗುವನು. ತಿರುಗಿ ಕೈ ಬಿಚ್ಚಿದ ಕೂಡಲೇ ಕೈಯಲ್ಲಿ ಕಾಯಿ ಇರುತ್ತಿತ್ತು. ಅವನು ಒಂದು ಸಲವೂ ಅದು ಬರುವುದನ್ನು ನೋಡಲಿಲ್ಲ. ಅವನು ಹೆಜ್ಜೆ ಬದಲಿಸಿ ಇನ್ನೊಂದು ಮೂಲೆಗೆ ಹೋದರೆ ಕಾಯಿಯೂ ಆ ಮೂಲೆಗೆ ಹೋಗುತ್ತಿತ್ತು. ಅವನು ಬೆವರು ಒರೆಸಿಕೊಂಡರೆ ಅಪ್ಪ ಅಷ್ಟು ಹೊತ್ತು ಕಾಯಿಯನ್ನು ಕೈಯಲ್ಲೇ ತೂಗುತ್ತಿದ್ದ. ನಡುವೆ ಒಂದು ಮಾತಿಲ್ಲ. ಕಾಯಿ ಮೇಲೇರಿ, ತೂಕವೆಲ್ಲ ಕಳೆದು ಸುಮ್ಮನಾಗುವ ಜಾಗದಲ್ಲೇ ಮಾದೇಶಣ್ಣನ ಅಂಗೈ ಇರುತ್ತಿತ್ತು, ಸದ್ದೇ ಇಲ್ಲದೆ ಕೂರುತ್ತಿತ್ತು. ಗುಡ್ಡೆ ಕರಗಿತು. ಸಾವಿರಕ್ಕೆ ಕಮ್ಮಿ ಇರಲಾರದು. ಒಂದೂ ಬೀಳಲಿಲ್ಲ.

ನಾನು ದೇಶದ ದೊಡ್ಡ ದೊಡ್ಡ ಅಂಕಣಗಳಲ್ಲಿ ಆಡಿದ್ದೇನೆ. ಇಂಥ ಪಾಸುಗಳನ್ನು ಎಲ್ಲೂ ನೋಡಿಲ್ಲ. ಈ ಮನುಷ್ಯನ ಮನೆಯಲ್ಲಿ ಹುಟ್ಟಿ, ಇವನ ಕೈಯಿಂದ ಉಂಡು, ಇವನಿಗೆ ಆಟ ಗೊತ್ತಾಗುವುದಿಲ್ಲ ಎಂದು ಹನ್ನೆರಡು ವರ್ಷ ಮುನಿಸಿಕೊಂಡಿದ್ದೆ.

ಮಾದೇಶಣ್ಣ ಇಳಿದು ಬಂದು ಟೀ ಹಿಡಿದುಕೊಂಡ. "ನಿಮ್ಮಪ್ಪ ಕೆಳ್ಗೆ ಬಂದ್ಮೇಲೆ ನಾನು ತಿರುಗ್ ನೋಡೋದೇ ಬುಟ್‌ಬುಟ್ಟೆ ಕಣಮ್ಮಿ," ಎಂದ.

ಇಷ್ಟಾದ ಮೇಲೆ ನಾನು ಹೋಗಿ ಅಪ್ಪನ ಕಾಲು ಹಿಡಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಾನು ಅಂಥವಳಲ್ಲ. ಬೆರಗಾದಷ್ಟೂ ನನಗೆ ಸಿಟ್ಟು ಬರುತ್ತದೆ. ಎದ್ದು ಹೋಗಿ, "ಭಾನುವಾರ ಬರ್ಬೇಡ ಅಪ್ಪ, ಲೋಡ್ ಇರ್ತದೆ," ಎಂದೆ. "ಊಂ," ಎಂದ. ಚಾಮರಾಜನಗರದ ಬಸ್ಸು ಬಂತು. ಅಪ್ಪ ಒಡೆದ ಕುಂಬಳವನ್ನು ಎತ್ತಿ ತೋರಿಸಿದ. ನಾನು ನೋಡದವಳಂತೆ ಬಸ್ಸು ಹತ್ತಿದೆ.

ಶನಿವಾರದ ಸೆಮಿಫೈನಲ್ಲಿನಲ್ಲಿ ಸರ್ ನನ್ನನ್ನು ಇಳಿಸಲೇ ಇಲ್ಲ. ಗೆದ್ದೆವು. ಬೆಂಚಿನಲ್ಲಿ ಕೂತು ನಾನು ಚಾಮುಂಡಿಯ ಹೆಗಲನ್ನೇ ನೋಡಿದೆ. ಆಡಿದ ಇಷ್ಟು ವರ್ಷದಲ್ಲಿ ನಾನು ಇನ್ನೊಬ್ಬರ ಹೆಗಲು ನೋಡಿದವಳಲ್ಲ, ರಿಂಗು ನೋಡಿದವಳು. ಈ ಹುಡುಗಿ ತಿರುಗುವ ಮುನ್ನ ಬಲ ಹೆಗಲು ಒಂದಿಷ್ಟು ತಗ್ಗುತ್ತದೆ. ಆಮೇಲೆ ಕಣ್ಣು ರಿಂಗಿಗೆ ಹೋಗುತ್ತದೆ, ಚೆಂಡಿಗಲ್ಲ. ಕೈ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ, ತಲೆಗಿಂತ ಮೇಲೆ, ಎಡಗಡೆ. ನಾನು ಗುರುವಾರ ನಾಲ್ಕೂ ಪಾಸುಗಳನ್ನು ಎದೆಮಟ್ಟಕ್ಕೆ, ಗಟ್ಟಿಯಾಗಿ, ಬೇಗ ಕೊಟ್ಟಿದ್ದೆ. ನನಗೆ ಹಾಗೆ ಬಂದರೆ ಇಷ್ಟ. ಅಂದರೆ ನಾನು ಚಾಮುಂಡಿಗೆ ಕೊಟ್ಟೇ ಇರಲಿಲ್ಲ, ಅಲ್ಲಿ ನಿಂತಿರಬೇಕಿದ್ದ ಇನ್ನೊಬ್ಬ ಭಾನುವಿಗೆ ಕೊಟ್ಟಿದ್ದೆ. ಇದು ತಿಳಿದಾಗ ಕೂತಲ್ಲೇ ನಾಚಿಕೆಯಾಯಿತು.

ಭಾನುವಾರ ಸಂಜೆ ಫೈನಲ್. ರಾಜಣ್ಣನ ಟೆಂಪೋ ಬಂದಿತ್ತು. ಮೂರನೇ ಮೆಟ್ಟಿಲ ಮೇಲೆ ಅವನು ಹಾರವನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ನಾನು ಬೆಂಚಿನಲ್ಲಿದ್ದುದನ್ನು ಕಂಡು, "ಯಾಕ್ ಕಣಮ್ಮಿ, ಉಷಾರಿಲ್ವಾ?" ಎಂದು ಇಡೀ ಕ್ರೀಡಾಂಗಣಕ್ಕೆ ಕೇಳುವ ಹಾಗೆ ವಿಚಾರಿಸಿದ. ಅಪ್ಪ ಅವರ ಜೊತೆ ಇರಲಿಲ್ಲ. ಬೇಡ ಅಂದವಳು ನಾನೇ, ಆದರೂ ಒಬ್ಬೊಬ್ಬರ ಮುಖವನ್ನೂ ಹುಡುಕಿದೆ.

ಅರ್ಧ ಆಟ ಮುಗಿದಾಗ ನಾವು ಒಂಬತ್ತು ಪಾಯಿಂಟ್ ಹಿಂದಿದ್ದೆವು. ಸರ್ ನನ್ನ ಕಡೆ ತಿರುಗಿ ಬರೀ ತಲೆ ಆಡಿಸಿದರು. ಇಳಿದೆ. ಊರವರು ಶಿಳ್ಳೆ ಹೊಡೆದರು.

ನನ್ನ ಮೊದಲ ಪಾಸು ಹೆಚ್ಚು ಎತ್ತರವಾಯಿತು. ಚೆಂಡು ಚಾಮುಂಡಿಯ ಬೆರಳ ತುದಿಗೆ ತಾಗಿ ಗೆರೆ ದಾಟಿತು. "ಅಯ್ಯೋ ಇವಳ," ಎಂದು ಜನ ಅವಳನ್ನೇ ಬೈದರು. ನನ್ನ ಕೈಗಳು ಅಭ್ಯಾಸಬಲದಿಂದ ಸೊಂಟಕ್ಕೆ ಹೋಗುತ್ತಿದ್ದವು. ಚಾಮುಂಡಿಯ ಬಾಯಿ ಆಗಲೇ "ಸಾರಿ" ಎನ್ನಲು ತೆರೆದಿತ್ತು. ನನಗೆ ಟವೆಲಿನ ಮೇಲೆ ಸೇರಿಸಿಟ್ಟಿದ್ದ ಎರಡು ಹೋಳುಗಳು ಕಂಡವು. ಸೊಂಟಕ್ಕೆ ಹೋಗುತ್ತಿದ್ದ ಕೈಯನ್ನು ತಲೆಯ ಮೇಲಕ್ಕೆ ಎತ್ತಿದೆ, ಎಲ್ಲರಿಗೂ ಕಾಣುವ ಹಾಗೆ.

"ನಂದು. ನಾನು ಎಸೆದದ್ದು ತಪ್ಪು," ಎಂದೆ.

ಅವಳು ಅರ್ಥವಾಗದವಳಂತೆ ನನ್ನನ್ನು ನೋಡಿದಳು. ಆಮೇಲೆ ಅವಳ ಹೆಗಲು ಇಳಿಯಿತು. ಇಷ್ಟು ದಿನ ನನ್ನ ಪಾಸಿಗೆ ಕಾಯುವಾಗ ಅದು ಕಿವಿಯವರೆಗೆ ಏರಿಯೇ ಇರುತ್ತಿತ್ತು ಎಂಬುದು ಇಳಿದ ಮೇಲೆ ನನಗೆ ತಿಳಿಯಿತು.

ಮುಂದಿನ ಸಲ ಚೆಂಡು ನನ್ನ ಕೈಗೆ ಬಂದಾಗ ಅವಳು ನನಗೆ ಬೆನ್ನು ಮಾಡಿದ್ದಳು. ಬಲ ಹೆಗಲು ತಗ್ಗಿತು. ಬಿಟ್ಟೆ. ಚೆಂಡು ನನ್ನ ಬೆರಳು ಬಿಡುವಾಗ ಅವಳ ಕೈ ಅಲ್ಲಿರಲಿಲ್ಲ. ಅರ್ಧ ದಾರಿ ಹೋದಾಗಲೂ ಇರಲಿಲ್ಲ. ಯಾರೂ ಇಲ್ಲದ ಗಾಳಿಗೆ ಎಸೆದುಬಿಟ್ಟೆನಲ್ಲ ಎಂದು ಎದೆ ಧಸಕ್ಕೆಂದಿತು. ಚೆಂಡು ತಲುಪುವ ಹೊತ್ತಿಗೆ ಕೈ ಇತ್ತು. ಅವಳು ನೋಡದೆಯೇ ಹಿಡಿದಳು, ಹಿಡಿದು ಮೇಲೆ ಹೋದಳು, ಅಲ್ಲಿ ನಿಂತಳು. ಅಷ್ಟು ಹೊತ್ತು ನಾನೂ ಉಸಿರಾಡಲಿಲ್ಲ. ನನ್ನ ಸಾವಿರಾರು ಪಾಯಿಂಟುಗಳಲ್ಲಿ ಒಂದನ್ನೂ ನಾನು ಹೀಗೆ ನೋಡಿರಲಿಲ್ಲ. ಹಾಕುವವಳಿಗೆ ಅದು ಕಾಣುವುದೇ ಇಲ್ಲ, ಕೊಟ್ಟವಳಿಗೆ ಪೂರ್ತಿ ಕಾಣುತ್ತದೆ. ಚೆಂಡು ಬಲೆಯೊಳಗೆ ಇಳಿದಾಗ ನನ್ನ ತೋಳಿನ ರೋಮ ಎದ್ದು ನಿಂತಿತ್ತು.

ಆಮೇಲೆ ಲೆಕ್ಕ ತಪ್ಪಿತು. ಕೊಟ್ಟೆ, ಕೊಟ್ಟೆ, ಕೊಡುತ್ತಲೇ ಇದ್ದೆ. ಒಂದು ಸಲ ಹದಿನೈದು ಅಡಿಯ ನನ್ನ ಹಳೆಯ ಜಾಗದಲ್ಲಿ, ಮುಂದೆ ಒಬ್ಬರೂ ಇಲ್ಲದೆ, ಚೆಂಡು ಹಿಡಿದು ನಿಂತಿದ್ದೆ. ಆ ಜಾಗ ನನಗೆ ನಮ್ಮನೆಯ ಅಂಗಳದಷ್ಟು ಗೊತ್ತು. "ಕೊಡ್ಬೇಡ ಕಣಮ್ಮಿ, ನೀನೇ ಆಕು," ಎಂದು ರಾಜಣ್ಣ ಎದ್ದು ನಿಂತು ಕೂಗಿದ. ಆಸೆಯಾಯಿತು, ಬಹಳ ಆಸೆಯಾಯಿತು. ಆ ಕಡೆ ಹೆಗಲು ತಗ್ಗಿತು. ಕೊಟ್ಟೆ.

ಆರು ಪಾಯಿಂಟಿನಿಂದ ಗೆದ್ದೆವು. ಚಾಮುಂಡಿಯದು ಇಪ್ಪತ್ತೊಂಬತ್ತು ಪಾಯಿಂಟು. ನನ್ನದು ಸೊನ್ನೆ.

ಊರವರು ನಮ್ಮ ತಂಡದ ಬಸ್ಸಿನ ಹತ್ತಿರ ಬಂದರು, ಗೆದ್ದವರನ್ನು ಅಭಿನಂದಿಸುವುದೋ ಸತ್ತವರ ಮನೆಯಲ್ಲಿ ಮಾತಾಡುವುದೋ ತಿಳಿಯದ ಮುಖ ಮಾಡಿಕೊಂಡು. ರಾಜಣ್ಣ ಹಾರ ಹಿಡಿದು ನನ್ನನ್ನು ನೋಡಿದ, ಚಾಮುಂಡಿಯನ್ನು ನೋಡಿದ. "ಒಂದೂ ಆಕ್ಲಿಲ್ವಲ್ಲವ್ವ," ಎಂದ, ಕೊನೆಗೆ.

"ಅವ್ಳಿಗೆ ಹಾಕು ರಾಜಣ್ಣ," ಎಂದೆ. ಅವನಿಗೆ ನಿರಾಳವಾಯಿತು. ಹಾರ ಚಾಮುಂಡಿಯ ಮಂಡಿಯವರೆಗೆ ಬಂತು.

ಆಗ ಜನರ ಹಿಂದಿನಿಂದ ಅಪ್ಪ ಬಂದ. ಮೈಮೇಲೆ ಲೋಡಿಂಗಿನ ಅಂಗಿ ಹಾಗೇ ಇತ್ತು, ತಲೆಯಲ್ಲಿ ಒಂದೆರಡು ಹುಲ್ಲೆಳೆ. ಲೋಡು ಮುಗಿಸಿ ಬಸ್ಸಿನಲ್ಲಿ ಬಂದು, ಕೊನೆಯ ಮೆಟ್ಟಿಲಲ್ಲಿ ಕೂತಿದ್ದನಂತೆ. ಕೈಯಲ್ಲಿ ಟವೆಲಿನ ಗಂಟು. ನನ್ನ ಕೈಗೆ ಕೊಟ್ಟ. ಭಾರವಾಗಿತ್ತು.

"ಸುಕ್ರವಾರದ್ದು. ಬುಟ್ಟೋಗಿದ್ಯಲ್ಲ," ಎಂದ.

ನಾನು ಗಂಟು ಹಿಡಿದು ನಿಂತೆ. ಅವನು ಕತ್ತು ಒರೆಸಿಕೊಳ್ಳಲು ಟವೆಲು ಹುಡುಕಿ, ಅದು ನನ್ನ ಕೈಯಲ್ಲಿರುವುದು ನೆನಪಾಗಿ, ಅಂಗೈಯಿಂದಲೇ ಒರೆಸಿಕೊಂಡ.

"ಇವತ್ತಿಂದೂ ಒಂದದೆ. ನೀನ್ ಎಸ್ದ ಮೊದಲ್ನೇದು. ಊರ್ಗೆ ಬಂದಾಗ ಅದ್ನೂ ತಕ್ಕಂಡೋಗು."

"ಮಿಕ್ಕಿದ್ದು?" ಎಂದೆ. ನನ್ನ ದನಿ ಹತ್ತು ವರ್ಷದ ಹುಡುಗಿಯದಾಗಿತ್ತು.

"ಇಪ್ಪತ್ಮೂರು ಎಸ್ದೆ. ಇಪ್ಪತ್ತೆರಡು ಕೂತ್ಕತು." ತಲೆಯಿಂದ ಒಂದು ಹುಲ್ಲೆಳೆ ತೆಗೆದು ಎಸೆದ. "ಆ ಎಣ್ಮಗು ತಿರುಗ್ ನೋಡೋದೇ ಬುಟ್‌ಬುಡ್ತು ಕಣವ್ವ. ನಾನು ನೋಡ್ತಿದ್ದೆ."

ಇಡೀ ಕ್ರೀಡಾಂಗಣ ಚೆಂಡು ಹೋದ ಕಡೆ ನೋಡುತ್ತಿದ್ದಾಗ ಒಬ್ಬ ಮನುಷ್ಯ ನನ್ನನ್ನು ನೋಡುತ್ತಿದ್ದ. ನಾನು ಅತ್ತೆ. ಅಪ್ಪ ನನ್ನ ಬೆನ್ನು ತಟ್ಟಿ, ಕಡೇ ಬಸ್ಸು ತಪ್ಪೀತು ಎಂದು ಹೊರಟ.

ನಮ್ಮ ಬಸ್ಸು ಹೊರಟ ಮೇಲೆ ಶಿವರಾಮು ಸರ್ ಮುಂದಿನ ಸೀಟಿನಿಂದ ತಿರುಗಿ, "ಅರ್ಜಿ ಕೊಡ್ತೀನಿ ಅಂದಿದ್ಯಲ್ಲ ಭಾನು," ಎಂದರು.

"ಅದರ ಮೇಲೆ ಕುಂಬಳಕಾಯಿ ಇಟ್ಟಿದ್ದೆ ಸರ್. ನೆಂದುಹೋಗಿದೆ."

ಅವರು ನಕ್ಕು ಮುಂದಕ್ಕೆ ತಿರುಗಿದರು. ನಾನು ಗಂಟನ್ನು ಬ್ಯಾಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿ ಕೂತಿದ್ದ ಚಾಮುಂಡಿ ಹಾರವನ್ನು ಬದಿಗೆ ಸರಿಸಿ ಕೈ ಚಾಚಿದಳು.

"ಭಾರ ಇದೆಯಲ್ಲ ಅಕ್ಕ. ಸ್ವಲ್ಪ ಹೊತ್ತು ನಾನು ಹಿಡ್ಕೊಳ್ತೀನಿ ಕೊಡಿ."

"ಬೇಡ," ಎಂದೆ. "ಇದು ಎಸೆದವರ ಮನೆಗೆ ಹೋಗಬೇಕಾದ್ದು."